ಕಿತ್ತ ಮೋಸಂಬಿಗೆ ಹೂ ಬಿಡಿಸುವ ಔಷಧಿ

ಮರಾಠಿ ಸೀಮೆಯ ಬಿಡಕಿನ್ ಊರಿನ ಹತ್ತಿರ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು ನನ್ನ ಗಂಡ ಮೋಸಂಬಿ ವ್ಯಾಪಾರ ಶುರು ಮಾಡಿದ ಹೊಸತು. ಕಲಬುರಗಿಗೆ ಕಳಿಸಿದ ಮೊದಲ ಲೋಡು ಹಸಿರು ಬೂಷ್ಟು ಹಿಡಿದು ಹಾಳಾಗಿತ್ತು. ಎರಡನೆಯದೂ ಹಾಗೇ ಆದರೆ ನಿಮ್ಮ ಹಣ್ಣು ಮುಟ್ಟುವುದಿಲ್ಲ ಎಂದಿದ್ದ ಅಲ್ಲಿನ ಸಾಹುಕಾರ. ಆಮೇಲೆ ಗತಿ ಒಂದೇ, ಬೀದರಿಗೆ ಹೋಗಿ ಇವರ ಅಣ್ಣನ ಕಿರಾಣಿ ಅಂಗಡಿಯಲ್ಲಿ ಕೂತು ಸಕ್ಕರೆ ಪೊಟ್ಟಣ ಕಟ್ಟುವುದು. ಅಣ್ಣನೆಂದರೆ ಇವರಿಗೆ ಪ್ರೀತಿಯೇ. ಆದರೆ ಅಣ್ಣನ ಕೈಕೆಳಗೆ ಎಂದರೆ ಮೈಯೆಲ್ಲ ಉರಿ.

"ಔಷಧ ತರ್ತೀನಿ" ಎಂದು ಎದ್ದರು.

"ನಾನೂ ಬರ್ತೀನ್ರಿ. ನಿಮಗ ಮರಾಠಿ ಬರಂಗಿಲ್ಲ, ನನಗ ಅಷ್ಟಿಷ್ಟು ತಿಳೀತದ."

"ಹಿಂದಿ ಬರ್ತದಲ್ಲ? ಸುಮ್ಮ ಕೂಡು."

ಕೂತೆ. ಬಂತು ಒಂದು ದೊಡ್ಡ ಬಾಟಲಿ. ಮೇಲೊಬ್ಬ ನಗುವ ರೈತ, ಅವನ ಹಿಂದೆ ಹೂ ತುಂಬಿದ ಗಿಡ. ನನಗೆ ಅನುಮಾನ ಬಂದು, ಶಾಲೆಯಲ್ಲಿ ಕಲಿತ ಹಿಂದಿ ಅಕ್ಷರ ಕೂಡಿಸಿಕೊಂಡು ಓದಿದೆ. ಗಿಡ ಸೊಂಪಾಗಿ ಬೆಳೆದು ಜಾಸ್ತಿ ಹೂ ಬಿಡುವ ಟಾನಿಕ್ಕಂತೆ!

"ಅಯ್ಯ ನನ್ನ ಶಿವನ! ಕಿತ್ತ ಹಣ್ಣಿಗಿ ಹೂ ಬಿಡಸ್ತೀರೇನ್ರಿ? ಅಂಗಡ್ಯಾಗ ಏನಂತ ಕೇಳಿದ್ರಿ?"

"ಮೋಸಂಬಿ ಕೋ ಬೂಷ್ಟ್ ಕಾ ದವಾಯಿ ಅಂತ ಕೇಳೀನಿ. ತಪ್ಪೇನದ?"

ನಮ್ಮ ಬೂಷ್ಟು ಅಂಗಡಿಯವನ ಕಿವಿಗೆ ಗಿಡಕ್ಕೆ ಬಲ ಕೊಡುವ ಇಂಗ್ಲಿಷಿನ ಬೂಸ್ಟ್ ಆಗಿತ್ತು. ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು.

"ಹಲ್ಲು ಕಿಸೀಬ್ಯಾಡ. ಹಣ್ಣು ಕೊಳೀಲತ್ತಾವ" ಎಂದು ಇವರು ಸಿಡುಕಿದರು.

ಅದೂ ನಿಜವೇ. ಮಾತಿನ ಗೊಡವೆಯೇ ಬೇಡವೆಂದು ಬೂಷ್ಟು ಹಿಡಿದ ಹಣ್ಣೊಂದನ್ನು ಒಯ್ದು ಅಂಗಡಿಯವನ ಮೂಗಿನ ಕೆಳಗೇ ಹಿಡಿದೆ. ಪಾಪ, ಅವನಿಗೆ ಸೀನಿನ ಮೇಲೆ ಸೀನು. "ಅಹೋ ತಾಯೀ, ಹೀ ತರ್ ಬುರ್ಶೀ!" ಎಂದು ಮರಾಠಿಯಲ್ಲಿ ಬೂಷ್ಟಿನ ಹೆಸರು ಹೇಳಿ, ಮೂಗೊರೆಸಿಕೊಳ್ಳುತ್ತ ಅದರ ಔಷಧಿಯ ಡಬ್ಬಿ ಕೊಟ್ಟ, ಎಷ್ಟು ನೀರಿಗೆ ಎಷ್ಟು ಎಂದೂ ಹೇಳಿದ. ಗಾಯವಾದ ಹಣ್ಣನ್ನೆಲ್ಲ ಆರಿಸಿ ತೆಗೆದು, ಉಳಿದವನ್ನು ಔಷಧಿ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ ಲಾರಿ ಹತ್ತಿಸಿದೆವು.

ಸುದ್ದಿ ಬರುವ ತನಕ ಇವರಿಗೆ ಊಟ ಸೇರಲಿಲ್ಲ. ನಗುತ್ತಿದ್ದ ನಾನೂ ಗಳಿಗೆಗೊಮ್ಮೆ ಫೋನು ನೋಡತೊಡಗಿದೆ. ಕೊನೆಗೆ ಸಾಹುಕಾರನ ಫೋನು ಬಂತು. "ಹಣ್ಣು ಚಲೋ ಬಂದಾವ್ರಿ. ಮುಂದಿನ ಲೋಡು ಕಳಸ್ರಿ."

ಇವರು ಆಗಲೇ ಬೀದರಿಗೆ ಫೋನು ಹಚ್ಚಿ ಎದೆ ಸೆಟೆದು ನಿಂತರು. "ಅಣ್ಣಾ, ನಾ ಬರಂಗಿಲ್ಲ. ಅಂಗಡ್ಯಾಗ ನನ್ನ ಜಾಗಾ ಯಾರಿಗರೆ ಕೊಟ್ಟುಬಿಡು!"

ಅಣ್ಣನ ದನಿ ಇಡೀ ಶೆಡ್ಡಿಗೆ ಕೇಳಿಸಿತು. "ಯಾವ ಜಾಗಾನೋ ತಮ್ಮಾ? ಅಲ್ಲಿ ನನ್ನ ಅಳಿಯ ಬಂದು ಕುಂತು ಭಾಳ ದಿನ ಆಯ್ತು."

ಫೋನು ಇಟ್ಟು ಇವರು ಮೋಸಂಬಿ ಬುಟ್ಟಿಯ ಪಕ್ಕ ಕುಸಿದು ಕೂತರು. ಈ ಸಲ ನನಗೂ ನಗು ಬರಲಿಲ್ಲ.

"ಆ ಔಷಧ ಇನ್ನೂ ಎರಡು ಡಬ್ಬಿ ತಂದಿಡು" ಎಂದರು ಸಣ್ಣ ದನಿಯಲ್ಲಿ. "ನೀನೇ ಹೋಗು."