ಸೋರೆಬುರುಡೆ ಒಣಗುವವರೆಗೆ

ಮಿಂದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹೊಯ್ಯುವುದನ್ನು ಕಲಿತದ್ದು ಮೆಲ್ಬರ್ನಿನಲ್ಲಿ. ಉಡುಪಿಯಲ್ಲಿ ಬೆಳೆದ ನನಗೆ ನೀರನ್ನು ಅಂಗಳದಿಂದ ಹೊರಗೆ ಓಡಿಸುವುದಷ್ಟೇ ಗೊತ್ತಿತ್ತು. ಇಲ್ಲಿ ಬರ, ಹಿತ್ತಲಿಗೆ ಪೈಪು ಹಿಡಿಯುವಂತಿಲ್ಲ.

"ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಇದನ್ನೂ ಬರ ಅಂತೀರಾ?" ಫಾದಿಮಾತ ನಕ್ಕಳು.

ಡ್ಯಾಂಡಿನಾಂಗಿನ ಗೋದಾಮಿನಲ್ಲಿ ನಾವಿಬ್ಬರೂ ತರಕಾರಿ ಪ್ಯಾಕ್ ಮಾಡುತ್ತಿದ್ದೆವು. ಅವಳು ಸಹಾರಾದ ಟುವಾರೆಗ್ ಜನದವಳು. ಬರದಲ್ಲಿ ಅವಳ ಮನೆಯ ಒಂಟೆಗಳು ಸತ್ತವು; ಅವರು ನಡೆಯುತ್ತಿದ್ದ ದಾರಿಗಳಿಗೆ ದೇಶಗಳ ಗಡಿ ಬಿತ್ತು. ಅವರಲ್ಲಿ ಮುಖ ಮುಚ್ಚುವವರು ಗಂಡಸರು, ಡೇರೆಯ ಒಡತಿ ಹೆಂಗಸು. ತಾಯಿಯ ಕಡೆಯಿಂದ ಬಳಿ, ಅಂದರೆ ಕುಲ, ಹೇಳುವ ತುಳುವರ ಮನೆಯವಳಾದ ನನಗೆ ಇದು ಬೇಗ ಅರ್ಥವಾಯಿತು. ನಮ್ಮಿಬ್ಬರದೂ ಹರಕು ಇಂಗ್ಲಿಷ್. ಈ ಬರಹದಲ್ಲಿ ಅವಳು ಆಡುವುದು ನನ್ನ ಕನ್ನಡ.

ಇಮ್ಜಾದ್ ಎಂಬ ಅವಳ ವಾದ್ಯ ಬರುವ ದಾರಿಯಲ್ಲೇ ಒಡೆದಿತ್ತು. ಅರ್ಧ ಸೋರೆಬುರುಡೆಗೆ ಆಡಿನ ಚರ್ಮ ಬಿಗಿದು, ಕುದುರೆಕೂದಲಿನ ಒಂದೇ ತಂತಿ ಕಟ್ಟಿ, ಕಮಾನಿನಿಂದ ನುಡಿಸುತ್ತಾರೆ. ನುಡಿಸುವವರು ಹೆಂಗಸರು ಮಾತ್ರ.

"ಅಮ್ಮನ ರಾಗವೊಂದು ಕೈಯಲ್ಲಿದೆ, ತಲೆಯಲ್ಲಿಲ್ಲ. ಕೈ ಮರೆತರೆ ಮುಗಿಯಿತು," ಎಂದು ಗೋದಾಮಿನ ಶೀತಲ ಕೋಣೆಯಲ್ಲಿ ಮರಗಟ್ಟಿದ ಬೆರಳುಗಳನ್ನು ತೋರಿಸಿದಳು.

ನಾನು ಸೋರೆ ಬೀಜ ಹಾಕಿದೆ. ಬಕೆಟ್ಟಿನ ನೀರಿಗೆ ಬದುಕಿದ್ದು ಒಂದೇ ಕಾಯಿ, ಗುಂಡಗೆ. ಅಷ್ಟರಲ್ಲಿ ಸಿಡ್ನಿಯ ಪೆಂಡಲ್ ಹಿಲ್‌ನಿಂದ ನಮ್ಮೂರಿನವರೇ ಆದ ಗುಲಾಬಿ ಆಂಟಿ ನಾಲ್ಕು ದಿನ ಇರಲು ಬಂದು, ಚೂರಿ ಹಿಡಿದೇ ಹಿತ್ತಲಿಗಿಳಿದರು.

"ಎಳತ್ತು ಉಂಟಲ್ಲ ಮಾರಾಯ್ತಿ! ಬಲಿತ ಮೇಲೆ ಕಲ್ಲು ಬೇಯಿಸ್ತೀಯಾ?"

"ಬೇಯಿಸ್ಲಿಕ್ಕಲ್ಲ ಆಂಟಿ, ನುಡಿಸ್ಲಿಕ್ಕೆ. ತಂತಿ ಕಟ್ಲಿಕ್ಕುಂಟು."

"ನಿನ್ನ ತಲೆಗೆ ಕಟ್ಟು ಮೊದಲು." ಚೂರಿ ಒಳಗೆ ಹೋಯಿತು. ಹೋಗುವ ದಿನದವರೆಗೂ ಆಂಟಿ ಆ ಕಾಯಿಯನ್ನು ಆಸೆಯಿಂದ ನೋಡುತ್ತಿದ್ದರು.

ಕಾಯಿ ಬಳ್ಳಿಯಲ್ಲೇ ಒಣಗಿ ಹಗುರಾಯಿತು. ನನ್ನ ಗಂಡ ಜಯಕರ ಅದನ್ನು ಗರಗಸದಿಂದ ಎರಡು ಹೋಳು ಮಾಡಿಕೊಟ್ಟರು. ಫಾದಿಮಾತ ಒಂದು ಹೋಳಿಗೆ ಚರ್ಮ ಬಿಗಿದು ತಂತಿ ಕಟ್ಟಿ, ನಮ್ಮ ಗ್ಯಾರೇಜಿನಲ್ಲಿ ನುಡಿಸಲು ಕೂತಳು. ಜಯಕರ ತಂತಿ ಮುಟ್ಟಲು ಹೋದಾಗ ಅವಳು ಅವರ ಕೈಗೆ ಮೆಲ್ಲಗೆ ಹೊಡೆದು, ಅವರದೇ ಬೈರಾಸನ್ನು ತಲೆಗೂ ಬಾಯಿಗೂ ಸುತ್ತಿ ಕೂರಿಸಿದಳು.

"ಮಾತಾಡ್ಲಿಕ್ಕಾದ್ರೂ ಆಗ್ತದಾ?" ಟವೆಲಿನೊಳಗಿನಿಂದ ಅವರು ಕೇಳಿದರು.

"ಅದಕ್ಕೇ ಕಟ್ಟಿದ್ದು," ಎಂದೆ.

ಅವಳು ನುಡಿಸಿದಾಗ ಮಳೆ ಬಂತು ಎಂದು ಮೊದಲು ಬರೆದಿದ್ದೆ. ಜಯಕರ ಓದಿ, "ಮಳೆ ಎಲ್ಲಿತ್ತು? ಬಟ್ಟೆ ಒಣಗ್ಲಿಕ್ಕೆ ಹಾಕಿದ್ದಿಯಲ್ಲ," ಎಂದರು. ಇರಬಹುದು. ನನ್ನ ನೆನಪು ಎಲ್ಲ ಕಡೆಯೂ ಮಳೆ ತಂದು ಹಾಕುತ್ತದೆ. ಸದ್ದು ಮಾತ್ರ ನಿಜ: ಗಂಟಲು ಕಟ್ಟಿದ ಯಾರೋ ದೂರದಿಂದ ಹೆಸರು ಹಿಡಿದು ಕರೆದ ಹಾಗೆ. ಗ್ಯಾರೇಜಿನ ನೆಲ ಮರಳಾಯಿತು, ಆ ಮರಳು ಮಲ್ಪೆಯದಾಯಿತು, ಅಲೆ ಬರಬೇಕಾದಲ್ಲಿ ಒಂಟೆಯೊಂದು ನಿಂತಿತ್ತು. ನಡುನಡುವೆ ಅವಳು ತಡೆದು, ಕಣ್ಣು ಮುಚ್ಚಿ, ಬೆರಳಿಗಾಗಿ ಕಾಯುತ್ತಿದ್ದಳು. ಕೆಲವು ಕಡೆ ಬೆರಳು ಬರಲಿಲ್ಲ.

ಆಮೇಲೆ ಅವಳು ಮಗಳ ಜೊತೆ ಸಿಡ್ನಿಗೆ ಹೋದಳು. ಬುರುಡೆಯ ಇನ್ನೊಂದು ಹೋಳು ಇವತ್ತಿಗೂ ನನ್ನಲ್ಲಿದೆ ಎಂದರೆ ಚೆನ್ನಾಗಿತ್ತು. ಅದು ಬಿರುಕು ಬಿಟ್ಟು ಕಸದ ತೊಟ್ಟಿಗೆ ಹೋಯಿತು.

ಒಂದು ಭಾನುವಾರ ಫೋನು ಬಂತು. ಮಾತಿಲ್ಲ, ಇಮ್ಜಾದ್. ಈ ಸಲ ಎಲ್ಲೂ ತಡೆಯಲಿಲ್ಲ.

"ಪೂರ್ತಿ ನೆನಪಾಯಿತಾ?" ಕೇಳಿದೆ.

"ಇಲ್ಲ. ಮರೆತ ಕಡೆಯೆಲ್ಲ ನಿನ್ನ ಬಕೆಟ್ಟಿಗೆ ನೀರು ಬೀಳುವ ಸದ್ದು ಸೇರಿಸಿದ್ದೇನೆ," ಎಂದಳು. "ಅಮ್ಮ ಕೇಳಿದ್ದರೆ, ಇದು ಯಾವ ಊರಿನ ರಾಗ ಅನ್ನುತ್ತಿದ್ದಳು."