ದೇವರಿಗೆ ಬಿಟ್ಟ ಟಗರು

ನಮ್ಮೂರು ಸೊರಡ್ಯಾಗ ನಮ್ಮ ಮನಿ ಗ್ವಾಡಿಗೆ ಹತ್ತಿದ್ದ ಮನಿ ಯಲ್ಲವ್ವಂದು. ಅಕಿ ಕುರುಬರಾಕಿ, ನಾವು ಲಿಂಗಾಯತರು. ಅಕಿ ಮನಿ ಊಟ ನಮಗ ನಡಿಯಂಗಿಲ್ಲ, ಅಕಿ ಜೋಡಿ ಮಾತಾಡದ ನನಗ ಹೊತ್ತ ಹೋಗಂಗಿಲ್ಲ. ಸಣ್ಣ ವಯಸ್ಸಿನ್ಯಾಗ ಗಂಡ ಸತ್ತ, ಮಕ್ಕಳಿಲ್ಲ, ಕುರಿ ಹಿಂದ ಅಡ್ಡಾಡಿ ಮೊಣಕಾಲು ಸವದಾವು. ಆದ್ರೂ ಊರಾಗ ಎಲ್ಲಾರಕಿಂತ ಜೋರ್ ನಗಾಕಿ ಅಕೀನ!

"ಏನ್ ಸುಖಾ ಕಂಡೀಯಂತ ಹಿಂಗ ಹಲ್ಲ ಕಿಸೀತಿ ಯವ್ವಾ?" ಅಂತ ಕೆಣಕತಿದ್ದೆ.

"ತಾಳ್ಕೋಳಾಕ ಬಲ ಅಮೋಗಸಿದ್ದ ಕೊಡ್ತಾನ. ಬಲ ಕೊಟ್ಟಾಂವ ನಗೀನೂ ಕೊಡಲಿ, ಅವನ ಗಂಟೇನ ಹೋಗ್ತದ?" ಅಂತಿದ್ಳು.

ಆ ದೇವರ ಹೆಸರಲೆ ಒಂದು ಟಗರು ಬಿಟ್ಟಿದ್ಳು. ಬಿಟ್ಟದ್ದನ್ನ ಮಾರಂಗಿಲ್ಲ, ಕೊಯ್ಯಂಗಿಲ್ಲ. ಮುಪ್ಪಾಗಿ ತಾನಾಗಿ ಸಾಯಬೇಕು. ದಿನಾ ಮುಂಜಾನಿ ಅದರ ಹಣಿಗೆ ಭಂಡಾರ ಹಚ್ಚಿ, ತನ್ನ ಬ್ಯಾನಿ ಎಲ್ಲಾ ಅದರ ಕಿವ್ಯಾಗ ಹೇಳಿ, ನಕ್ಕೋತ ಎದ್ದು ಬರ್ತಿದ್ಳು. ಟಗರು ಕಾಯಾಂವ ಅಕಿ ತಮ್ಮ ಶಿದ್ರಾಯ. ಅವನ್ನ ಅಕಿನs ಎತ್ತಿ ಆಡಿಸಿ ಬೆಳಸಿದ್ಳು.

ಹೋದ ವರ್ಷ ಶಿದ್ರಾಯನ ಮಗಳು ಕಾಜಲ್‌ಂದು ಲಗ್ನ ಗಟ್ಟಿ ಆತು. ನಿಶ್ಚಯದ ಊಟಕ್ಕ ಇಪ್ಪತ್ತು ಮಂದಿ ಬೀಗರು ಬರ್ತೀವಿ ಅಂದಿದ್ರು, ಎರಡು ಟೆಂಪೋ ತುಂಬಿ ಬಂದ್ರು. ಊಟದಾಗ ಶಿದ್ರಾಯ ತಾನs ಅಕ್ಕನ ತಾಟಿಗೆ ನೀಡಿ, "ಉಣ್ಣಕ್ಕಾ, ಉಣ್ಣು" ಅಂದ. ಅಕಿ ಎರಡು ಸಲ ನೀಡಿಸ್ಕೊಂಡು, "ಭಾಳ ಚಲೋ ಆಗೇದೋ ತಮ್ಮಾ" ಅಂತ ಉಂಡ್ಳು.

ಮರುದಿನ ಟಗರಿಲ್ಲ. "ತೋಳ ಒಯ್ತಕ್ಕಾ" ಅಂದ. ಈ ಹುಚ್ಚಿ ಅವಗs ಸಮಾಧಾನ ಮಾಡಿದ್ಳು! "ದೇವರ ಜೀವ, ದೇವರು ಒಯ್ದ. ನೀ ಮನಸಿಗೆ ಹಚ್ಕೋಬ್ಯಾಡ" ಅಂದ್ಳು.

ಎಂಟು ದಿನಕ್ಕ ಕಾಜಲ್ ಅಳಕೋತ ಬಂದ್ಳು. "ಅತ್ತಿ, ಮಟನ್ ಕಡಿಮಿ ಬಿತ್ತು. ಬೀಗರ ಮುಂದ ಮಾನ ಹೋಗ್ತದಂತ ಅಪ್ಪ ನಿನ್ನ ಟಗರು ಕೊಯ್ದ."

ಯಲ್ಲವ್ವ ಹಿತ್ತಲಕ್ಕ ಓಡಿ ಗಂಟಲಾಗ ಬೆರಳ ಹಾಕ್ಕೊಂಡ್ಳು. ಎಂಟು ದಿನದ್ದು ಎಲ್ಲಿಂದ ಬರ್ತದ? ಬರೇ ನೀರು. ನಾ ಅಕಿ ಹಣಿ ಹಿಡಕೊಂಡು ನಿಂತಿದ್ದೆ. ಆ ಭಾಡ್ಯಾ ಶಿದ್ರಾಯಗ ಬಾಯಿಗೆ ಬಂದಂಗ ಬೈದೆ. ನೋಡ್ಕೋತ ಕುಂತ ಅಮೋಗಸಿದ್ದನ್ನೂ ಬಿಡಲಿಲ್ಲ.

ಸಂಜೀಕ ಶಿದ್ರಾಯ ಬಂದು ಹೊಸ್ತಲ ಹತ್ರ ಕುಂತ. "ತಪ್ಪಾತಕ್ಕಾ. ದೇವರಿಗೆ ಬ್ಯಾರೆ ಟಗರು ಬಿಡ್ತೀನಿ. ಕೇಳಿದ್ರ ನೀ ಕೊಡತಿದ್ದಿಲ್ಲಲ್ಲಾ?"

"ಕೊಡತಿದ್ದಿಲ್ಲ, ಖರೇ. ಕೊಯ್ದದ್ದನ್ನ ದೇವರು ನೋಡ್ಕೋತಾನ. ನನ್ನ ತಾಟಿಗೆ ಯಾಕ ನೀಡಿದ್ಯೋ? ನಾ ಒಬ್ಬಾಕಿ ಬರೇ ರೊಟ್ಟಿ ಉಣ್ಣತಿದ್ದೆ."

"ನೀಡದಿದ್ರ ನಿನಗ ಸಂಶೆ ಬರ್ತಿತ್ತು" ಅಂದ, ತೆಲಿ ತಗ್ಗಿಸಿ.

ಯಲ್ಲವ್ವ ಒದರಲಿಲ್ಲ, ಶಾಪ ಹಾಕಲಿಲ್ಲ.

"ತಾಳ್ಕೋಳಾಕ ಬಲ ಅಂವ ಇವತ್ತೂ ಕೊಟ್ಟಾನ, ನಾಳೀನೂ ಕೊಡ್ತಾನ" ಅಂದ್ಳು. "ಆದ್ರ ದೇವರ ಮುಂದ ಕುಂತು ನಗಾಕ ಬಾಯಿ ತಗದ್ರ, ನೀ ನೀಡಿದ ತುತ್ತs ಬಾಯಿಗೆ ಬರ್ತದೋ ತಮ್ಮಾ."