ಗುಳಿಗೆಗೆ ಸೂಟಿ

ಅಪ್ಪನಿಗಿರುವುದು ರಕ್ತದ ಕ್ಯಾನ್ಸರ್, ನಿಧಾನವಾಗಿ ಬೆಳೆಯುವ ಜಾತಿಯದು. ಮೊದಲ ಸಲ ಬೆಳಗಾವಿಯಲ್ಲಿ ಆರು ಬಾರಿ ಕೀಮೋ ಹಚ್ಚಿಸಿದ್ದೆವು. ಮೂರು ವರ್ಷದ ಮೇಲೆ ಕುತ್ತಿಗೆಯ ಗಡ್ಡೆಗಳು ಮರಳಿ ಬಂದವು. ಈ ಸಲ ಡಾಕ್ಟರು ಕೀಮೋ ಸುದ್ದಿ ಎತ್ತಲಿಲ್ಲ. ದಿನಕ್ಕೊಂದು ಗುಳಿಗೆ ಬರೆದರು. ಮನೆಯಲ್ಲೇ ನುಂಗಬಹುದು ಎಂದರು.

ನಮಗೆ ನಂಬಿಕೆ ಬರಲಿಲ್ಲ. ವಾಂತಿಯಿಲ್ಲ, ಕೂದಲು ಉದುರುವುದಿಲ್ಲ.

"ನಮಗ ತ್ರಾಸ ಕೊಡದ ಔಷಧ ರೋಗಕ್ಕರ ಏನ್ ತ್ರಾಸ ಕೊಟ್ಟೀತು?" ಎಂದು ಅಪ್ಪ ಬಸ್ಸಿನಲ್ಲಿ ಕೇಳಿದ.

ಆದರೂ ಗಡ್ಡೆಗಳು ಇಳಿದವು. ನಾಲ್ಕೈದು ತಿಂಗಳ ಮೇಲೆ ಮತ್ತೆ ಬೆರಳಿಗೆ ಸಿಗತೊಡಗಿದವು. ಗುಳಿಗೆ ತಪ್ಪಿಸಿಲ್ಲ ತಾನೆ ಎಂದು ಡಾಕ್ಟರು ಕೇಳಿದರು. "ಇಲ್ರಿ ಸಾಹೇಬ್ರ" ಎಂದ ಅಪ್ಪ. ಹಾಗಾದರೆ ಇದು ನಾಟುತ್ತಿಲ್ಲ, ಇನ್ನೊಂದು ತಿಂಗಳು ನೋಡಿ ಮತ್ತೆ ಕೀಮೋ ಯೋಚಿಸೋಣ ಎಂದರು ಅವರು. ಹೊರಗೆ ಬಂದ ಅಪ್ಪ ಮೆಟ್ಟಿಲ ಮೇಲೇ ಹೇಳಿಬಿಟ್ಟ: "ಆ ಸೂಜಿಗೆ ನಾ ಮತ್ತ ಕೈ ಕೊಡಂಗಿಲ್ಲ." ಅವನು ಮಾತು ತಪ್ಪುವವನಲ್ಲ. ಗುಳಿಗೆ ಸೋತರೆ ಅಪ್ಪ ಉಳಿಯುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಅಪ್ಪ, ಅವ್ವ ಬನಹಟ್ಟಿಯಲ್ಲಿದ್ದಾರೆ, ಮನೆಯಲ್ಲೇ ಸೀರೆಯ ಮಗ್ಗ. ನಾನು ಜಮಖಂಡಿಯಲ್ಲಿ ಸಾಲಿ ಕಲಿಸುತ್ತೇನೆ. ಗುಳಿಗೆ ಕೊಳ್ಳುವವಳು ನಾನೇ ಆದ್ದರಿಂದ ನಕಲಿ ಗುಳಿಗೆ ಕೊಟ್ಟಿರಬಹುದೇ ಎಂದು ನನ್ನ ಅನುಮಾನ ಔಷಧದ ಅಂಗಡಿಯ ಮೇಲೆ ಹೋಯಿತು. ಬಟ್ಟೆಯ ಎಳೆ ಎಣಿಸುವ ಅಪ್ಪನ ಭೂತಗನ್ನಡಿಯನ್ನು ಅಂಗಡಿಗೆ ಒಯ್ದು, ಗುಳಿಗೆಯ ಹಳೆ ಪಟ್ಟಿ ಹೊಸ ಪಟ್ಟಿ ಪಕ್ಕಪಕ್ಕಕ್ಕಿಟ್ಟು, ಬೆಳ್ಳಿ ಕಾಗದದ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ನೋಡಿದೆ.

"ಅಕ್ಕಾರ, ಸೀರಿ ಅಂಚು ಪರೀಕ್ಷಾ ಮಾಡಿದಂಗ ಮಾಡಾಕತ್ತೀರಲ್ರಿ" ಎಂದು ಅಂಗಡಿಯವನು ನಕ್ಕ. ಕಂಪನಿಯಿಂದ ಬಂದ ಕಾಗದ ತೋರಿಸಿದ. ಕಾಗದವನ್ನೂ ಯಾರಾದರೂ ಮಾಡಿಸಬಹುದು ಎಂದುಕೊಂಡೇ ಮನೆಗೆ ಬಂದೆ.

ಮುಂದಿನ ಸೋಮವಾರ ಸಾಲಿಗೆ ರಜೆಯಿತ್ತು. ಹೇಳದೆ ಬನಹಟ್ಟಿಗೆ ಹೋದೆ. ಅಪ್ಪ ಪಡಸಾಲೆಯಲ್ಲಿ ಊಟ ಮುಗಿಸಿ ಕೂತಿದ್ದ. ಗುಳಿಗೆ ನುಂಗುವ ಹೊತ್ತಾಗಿತ್ತು. ನೀರು ತಂದಿಟ್ಟೆ.

"ಇವತ್ತ ಬ್ಯಾಡ ಬಿಡು."

"ಯಾಕ?"

"ಸ್ವಾಮಾರ. ಮಗ್ಗ ಬಂದ್ ಐತಿ."

ನಮ್ಮ ಮನೆಯಲ್ಲಿ ಸೋಮವಾರ ಮತ್ತು ಅಮಾವಾಸ್ಯೆ ಮಗ್ಗ ನಡೆಯುವುದಿಲ್ಲ. ಅಜ್ಜನ ಕಾಲದಿಂದಲೂ ಹಾಗೆಯೇ.

"ಮಗ್ಗ ಬಂದ್ ಇದ್ರ ಗುಳಗಿಗೇನಾತಪ್ಪಾ?"

"ಮೈಗೂ ಒಂದಿನ ಬಿಡುವು ಬೇಕಲೇ. ಆ ಕೀಮೋನ ಮೂರ್ ವಾರ ಬಿಟ್ಟು ಬಿಟ್ಟು ಹಾಕ್ತಿದ್ರಿಲ್ಲೋ? ಅದು ದೊಡ್ಡ ಔಷಧ. ಅದಕ್ಕ ಬಿಡುವಿದ್ದ ಮ್ಯಾಲೆ ಇದಕ್ಕ್ಯಾಕ ಬ್ಯಾಡ?"

"ತಪ್ಪಸಿಲ್ಲ ಅಂದೆಲ್ಲ ಡಾಕ್ಟರ್ ಮುಂದ!"

"ತಪ್ಪಸೀನೇನು? ಸೂಟಿ ಕೊಟ್ಟೀನಿ."

ಅಡುಗೆಮನೆಯಿಂದ ಅವ್ವ, "ಸಾಲಿ ಕಲಿಸಾಕಿ ನೀ, ಸೂಟಿ ಅಂದ್ರ ನಿನಗ ತಿಳಿಬೇಕವಾ" ಎಂದಳು. ಅವಳಿಗೆ ಮೊದಲೇ ಗೊತ್ತಿತ್ತು.

ಎಷ್ಟು ಬಿಟ್ಟಿದ್ದಾನೆಂದು ಗಡಿಗೆಯಲ್ಲಿ ಕೂಡಿಟ್ಟಿದ್ದ ಗುಳಿಗೆ ಎಣಿಸಿದೆ. ಇಪ್ಪತ್ತಮೂರು. ಮತ್ತೊಮ್ಮೆ ಎಣಿಸಿದೆ. ಡಾಕ್ಟರಿಗೆ ಫೋನ್ ಹಚ್ಚಿದೆ. ಈ ಗುಳಿಗೆ ದಿನಾ ಒಳಗಿದ್ದರಷ್ಟೇ ರೋಗವನ್ನು ಅದುಮಿ ಹಿಡಿಯುತ್ತದೆ, ಇಂದಿನಿಂದ ಒಂದು ದಿನವೂ ಬಿಡದೆ ನೋಡೋಣ ಎಂದರು. ಅಪ್ಪನಿಗೂ ಅದನ್ನೇ ಹೇಳಿದರು. ಅಪ್ಪ "ಹೂಂರಿ, ಹೂಂರಿ" ಎಂದ. ಆ ಹೂಂಗಳನ್ನು ನಾನು ನಂಬಲಿಲ್ಲ.

ಮರು ಸೋಮವಾರ ಸಾಲಿಗೆ ರಜೆ ಹಾಕಿ ಮೊದಲ ಬಸ್ಸಿಗೆ ಹೋಗಿ ಎದುರು ಕೂತೆ. ನುಂಗಿದ.

"ಬಾಯಿ ತೆರಿ."

ತೆರೆದ.

"ನಾಲಿಗಿ ಎತ್ತು."

"ನೂಲು ಕದ್ದ ಆಳಿನ ಗತೆ ನೋಡಾಕತ್ತೀಯಲ್ಲವ್ವಾ ನನ್ನ" ಎಂದ. ನಗುತ್ತಿರಲಿಲ್ಲ. ಆದರೂ ನಾಲಿಗೆ ಎತ್ತಿದ. ಏನೂ ಇರಲಿಲ್ಲ.

ತಿಂಗಳ ಕೊನೆಗೆ ಗಡ್ಡೆಗಳು ಸಣ್ಣವಾಗಿವೆ, ಇದನ್ನೇ ಮುಂದುವರಿಸೋಣ ಎಂದರು ಡಾಕ್ಟರು. ಅಪ್ಪ ನನ್ನ ಕಡೆ ನೋಡಲಿಲ್ಲ. ಆವತ್ತಿನಿಂದ ನಾನು ಹೋದಾಗಲೆಲ್ಲ ಗುಳಿಗೆ ನುಂಗಿದ ಮೇಲೆ, ಕೇಳದಿದ್ದರೂ, ಬಾಯಿ ತೆರೆದು ತೋರಿಸುತ್ತಾನೆ. ಸಾಕು ಅಪ್ಪಾ ಎನ್ನಬೇಕೆನಿಸುತ್ತದೆ. ನೋಡಿದ ಮೇಲೆ ಅನ್ನುತ್ತೇನೆ.